ತಮ್ಮಾ, ಆ ಗಡ್ಡೆಯನ್ನು ಎಸೆಯಬೇಡ

ತಮ್ಮಾ, ನಿನ್ನ ಸಂದೇಶವನ್ನು ಈಗ ತಾನೆ ಓದಿದೆ. ಬರೆಯುತ್ತ ಕೂತರೆ ತಡವಾಗುತ್ತದೆ, ಮಾತಿನಲ್ಲೇ ಹೇಳುತ್ತೇನೆ, ಕೊನೆಯವರೆಗೂ ಕೇಳು. ನೀರೊಳಗೆ ಬೆಳೆಯುವ, ಜಾಲರಿಯಂಥ ಎಲೆಯ ಆ ಮಡಗಾಸ್ಕರ್ ಲೇಸ್ ಗಿಡದ ಎಲೆಗಳೆಲ್ಲ ಕರಗಿಹೋದವು, ಗಿಡ ಸತ್ತಿತು, ನಾಳೆ ತೊಟ್ಟಿಯನ್ನು ತೊಳೆದುಬಿಡುತ್ತೇನೆ ಎಂದು ಬರೆದಿದ್ದೀಯೆ. ತೊಳೆಯಬೇಡ. ಮೊದಲು ಮರಳಿನಿಂದ ಗಡ್ಡೆಯನ್ನು ಎತ್ತಿ ಹೆಬ್ಬೆರಳಿನಲ್ಲಿ ಒತ್ತಿ ನೋಡು. ಹಸಿ ಅರಿಶಿನದ ಕೊಂಬಿನಂತೆ ಗಟ್ಟಿಯಾಗಿದ್ದರೆ ಅದಕ್ಕೆ ಜೀವ ಇದೆ. ಒಂದು ಬದಿ ಮಾತ್ರ ಮೆತ್ತಗಾಗಿದ್ದರೆ ಅಷ್ಟನ್ನು ಚಾಕುವಿನಿಂದ ಕೊಯ್ದು ತೆಗೆ. ಪೂರ್ತಿ ಲೊಳಲೊಳನೆ ಆಗಿ ನಾರುತ್ತಿದ್ದರೆ ಮಾತ್ರ ಆಸೆ ಬಿಡು.

ನಮ್ಮ ಹಿತ್ತಲಿನ ಸುವರ್ಣಗಡ್ಡೆ ನಿನಗೆ ನೆನಪಿರಬೇಕು. ದಂಟು ಒಣಗಿ ಬಿದ್ದಾಗ ನಿನ್ನ ಅಜ್ಜಿ ಅದನ್ನು ಕಿತ್ತೆಸೆದರೇ? ಮಳೆ ಬರಲಿ ಎಂದು ಸುಮ್ಮನೆ ಬಿಟ್ಟಿದ್ದರು. ಈ ಗಿಡದ್ದೂ ಅದೇ ಜಾಯಮಾನ. ಇದರ ನೆಂಟ ಗಿಡವೊಂದು ಮಹಾರಾಷ್ಟ್ರದ ಸಾತಾರಾ ಕಡೆಯ ಕಲ್ಲುಬಯಲಿನಲ್ಲೂ ಇದೆ, ಅಪೊನೊಜೆಟಾನ್ ಸತಾರೆನ್ಸಿಸ್ ಎಂದು ಹೆಸರು. ಮಳೆನೀರು ನಿಂತಾಗ ಹೂ ಬಿಟ್ಟು, ಬೇಸಿಗೆಯನ್ನೆಲ್ಲ ಗಡ್ಡೆಯೊಳಗೇ ಕಳೆಯುತ್ತದೆ.

ಉಷ್ಣವಲಯದ ಗಿಡ, ಬಿಸಿಲು ತಾಳುತ್ತದೆ ಎಂದು ನಮ್ಮ ಈ ಗುಂಪಿನಲ್ಲಿ ಭಾವ ಹೇಳಿದ್ದಾರೆ. ಅವರ ಮೇಲೆ ಗೌರವವಿದೆ, ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ಮಡಗಾಸ್ಕರಿನಲ್ಲಿ ಅದು ಹರಿಯುವ ಹೊಳೆಯಲ್ಲಿ ಬೆಳೆಯುತ್ತದೆ. 20ರಿಂದ 24 ಡಿಗ್ರಿಯ ಶುದ್ಧ ನೀರೆಂದರೆ ಅದಕ್ಕೆ ಹಿತ. ಕೋಟೆಯ ಬಂಡೆಗಳು ರಾತ್ರಿಯೂ ಕಾವು ಬಿಡುವ ನಿಮ್ಮ ಚಿತ್ರದುರ್ಗದಲ್ಲಿ, ಈ ವೈಶಾಖದಲ್ಲಿ, ಗಾಜಿನ ತೊಟ್ಟಿಯ ನೀರು 30 ದಾಟದೆ ಇರುತ್ತದೆಯೇ?

ಹಾಗಾಗಿ ಗಡ್ಡೆಯನ್ನು ತೊಳೆದು, ತೊಳೆದ ಮರಳು ಹಾಕಿದ ಮಣ್ಣಿನ ಮಡಕೆಯಲ್ಲಿಡು. ನೀರು ತುಂಬಿಸಿ, ಸುತ್ತ ಒದ್ದೆ ಗೋಣಿಚೀಲ ಕಟ್ಟಿ, ಬಚ್ಚಲ ಪಕ್ಕದ ನೆರಳಿಗೆ ಸರಿಸು. ಕುಡಿಯುವ ನೀರನ್ನು ತಣ್ಣಗಿಡುವ ಮಡಕೆ ಗಡ್ಡೆಯನ್ನೂ ಕಾಯುತ್ತದೆ. ಎರಡು ದಿನಕ್ಕೊಮ್ಮೆ ಅರ್ಧ ನೀರು ಬದಲಿಸು. ಆರಿದ್ರಾ ಮಳೆಯವರೆಗೆ ಚಿಗುರು ಕಾಣದಿದ್ದರೂ ಕೆದಕಬೇಡ. ಮಳೆ ಹಿಡಿದ ಮೇಲೆ, ತಾರಸಿ ತೊಳೆದುಹೋಗುವ ಮೊದಲ ನೀರನ್ನು ಬಿಟ್ಟು, ಆಮೇಲಿನದನ್ನು ಡ್ರಮ್ಮಿನಲ್ಲಿ ಹಿಡಿ. ಇಲ್ಲಿ ದಾವಣಗೆರೆಯಲ್ಲಿ ನಮ್ಮ ಬೋರ್‌ವೆಲ್ ನೀರು ಕಾಸಿದ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ. ಅದಕ್ಕೆ ಮಳೆನೀರು ಬೆರೆಸಲು ಶುರುಮಾಡಿದ ಮೇಲೆಯೇ ನನ್ನ ಗಿಡ ಮೈ ತುಂಬಿಕೊಂಡದ್ದು.

ಮತ್ತೆ ನೆಡುವಾಗ ಚಿಗುರೊಡೆಯುವ ತಲೆಯನ್ನು ಮರಳಿನಿಂದ ಮೇಲೆ ಬಿಡು. ಗೊಬ್ಬರ ಹಾಕಬೇಡ. ಮೊದಲ ಗಡ್ಡೆಯನ್ನು ನಾನು ಸೆಗಣಿ ಗೊಬ್ಬರದಲ್ಲಿ ಆಳಕ್ಕೆ ಹೂತಿದ್ದೆ. ವಾರದಲ್ಲಿ ನೀರು ಕಪ್ಪಾಯಿತು, ಗಡ್ಡೆ ಕೈಗೇ ಸಿಗಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ. ಬೆಳಕೂ ಹದವಾಗಿರಲಿ, ಹೆಚ್ಚಾದರೆ ಎಲೆಯ ಜಾಲರಿಗೆಲ್ಲ ಪಾಚಿ ಮೆತ್ತಿಕೊಳ್ಳುತ್ತದೆ, ಬಿಡಿಸಲು ಹೋದರೆ ಎಲೆ ಹರಿಯುತ್ತದೆ.

ಎಲೆಯಲ್ಲಿ ತೂತು ಬಿದ್ದಿದೆ, ಹುಳು ತಿಂದಿದೆ ಎಂದು ಹೋದ ವರ್ಷ ನೀನು ಗಾಬರಿಯಾಗಿದ್ದೆಯಲ್ಲ, ಈ ಸಲ ಚಿಗುರು ಬಂದಾಗ ದಿನವೂ ನೋಡು. ಎಳೆಯ ಎಲೆ ಇಡಿಯಾಗಿ, ಕೆಂಪು ಛಾಯೆಯಲ್ಲಿ ಸುರುಳಿ ಬಿಚ್ಚುತ್ತದೆ. ಆಮೇಲೆ ನರಗಳ ನಡುವಿನ ಒಂದೊಂದು ಚೌಕದ ಮಧ್ಯೆ ಆ ಕೆಂಪು ಮಾಸಿ, ಅಲ್ಲಿನ ಜೀವಕೋಶಗಳು ತಾವಾಗಿ ಸಾಯುತ್ತವೆ. ಕಿಟಕಿಯಂತೆ ತೆಳುವಾಗಿ, ಮತ್ತೆ ತೂತಾಗಿ, ಅಂಚು ಗಟ್ಟಿಯಾಗಿ ನಿಲ್ಲುತ್ತದೆ. ಎಲ್ಲಿ ಸಾಯಬೇಕು, ನರದಿಂದ ಎಷ್ಟು ದೂರದಲ್ಲಿ ನಿಲ್ಲಬೇಕು ಎಂಬುದು ಆ ಎಲೆಗೆ ಗೊತ್ತಿದೆ, ತಮ್ಮಾ! ನಾನು ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ಕೂತಿದ್ದೇನೆ.

ಇನ್ನೊಂದು ಮಾತು. ಗಿಡ ಬೇಡವಾದರೆ ನಿಮ್ಮೂರಿನ ಸಿಹಿನೀರು ಹೊಂಡಕ್ಕೆ ಬಿಟ್ಟುಬಿಡು ಎಂದು ಗುಂಪಿನಲ್ಲಿ ಯಾರೋ ಬರೆದಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹೊರಗಿನಿಂದ ಬಂದ ಆ ನೇರಳೆ ಹೂವಿನ ಅಂತರಗಂಗೆ ನಮ್ಮ ಕೆರೆಗಳನ್ನು ಹೇಗೆ ಮುಚ್ಚಿದೆ ಎಂದು ಎಲ್ಲರೂ ಕಂಡಿದ್ದೇವೆ.

ಮಡಕೆ ಇಡಲು ಜಾಗವಿಲ್ಲದಿದ್ದರೆ ಗಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು, ಭಾನುವಾರ ಬೆಳಗಿನ ಬಸ್ಸಿಗೆ ತಂದುಕೊಡು. ನಾನು ಇಲ್ಲಿ ಮಡಕೆಯನ್ನು ನೆನೆಹಾಕಿ ಇಟ್ಟಿರುತ್ತೇನೆ.