ಆರ್‌ಎಕ್ಸ್ ಬೈಕಿನ ಕಿಕ್ ಶಾಫ್ಟ್ ಮೂರನೇ ಸಲ ಹೋಯಿತು, ಇನ್ನು ಯಾವ ಕಬ್ಬಿಣ ಹಾಕಬೇಕು?

ಕೆಸರುಗದ್ದೆ:
ತಲೆ ಕೆಟ್ಟುಹೋಗಿದೆ. ನಿನ್ನೆ ಹಿರಿಯಡ್ಕ ದಾಟಿ ರಬ್ಬರ್ ತೋಟದ ದಾರಿಯಲ್ಲಿ ಕಿಕ್ಕರ್ ಸಮೇತ ಅದು ಕೂರುವ ಶಾಫ್ಟ್ ತುಂಡಾಗಿ ಕೆಳಗೆ ಬಿತ್ತು. ಮಳೆಯಲ್ಲಿ ಎರಡು ಕಿಲೋಮೀಟರ್ ತಳ್ಳಿದೆ. ಮೊದಲನೇದು ಹಳೇ ಶಾಫ್ಟಿಗೆ ತುಂಡು ಸೇರಿಸಿ ವೆಲ್ಡ್ ಮಾಡಿದ್ದು, ವೆಲ್ಡಿನ ಪಕ್ಕದಲ್ಲೇ ಹೋಯಿತು. ಎರಡನೇದು ಇಎನ್ 8 ಎಂಬ ಸಾಧಾರಣ ಉಕ್ಕು, ಲೇತಿನಲ್ಲಿ ಹೊಸದಾಗಿ ಮಾಡಿಸಿದ್ದು. ಅದು ಮುರಿಯಲಿಲ್ಲ, ಚಕ್ಕುಲಿ ಹಾಗೆ ತಿರುಚಿತು. ಮೂರನೇದು ಅದಕ್ಕಿಂತ ಗಟ್ಟಿ ಉಕ್ಕು ಇಎನ್ 24, ಮೇಲಿಂದ ಹಾರ್ಡನಿಂಗ್ ಬೇರೆ. ಇದು ಫಟ್ ಅಂತ ಹೋಯಿತು. ಇನ್ನು ಎಂತ ಹಾಕಬೇಕು ಹೇಳಿ ಮಾರಾಯ್ರೆ.

ಬೈಕಂಪಾಡಿ ಲೇತ್:
ಹಾರ್ಡನಿಂಗ್ ಹೇಗೆ ಮಾಡಿದ್ದು? ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಆಯಿಲಿಗೆ ಅದ್ದಿದ್ದಾದರೆ ಅದು ಗಾಜು. ಅದ್ದಿದ ಮೇಲೆ 550-600 ಡಿಗ್ರಿಯಲ್ಲಿ ಟೆಂಪರ್ ಆಗಲೇಬೇಕು, ಅಂದರೆ ಮತ್ತೆ ಕಾಯಿಸಿ ಪೆಡಸುತನ ಇಳಿಸಬೇಕು. ಅರ ಹಾಕಿ ನೋಡಿ, ಜಾರಿದರೆ ನನ್ನ ಮಾತು ಸರಿ.

ಕೆಸರುಗದ್ದೆ:
ಅರ ಜಾರುತ್ತದೆ. ಟೆಂಪರ್ ಮಾಡಿಲ್ಲ.

ಬೈಕಂಪಾಡಿ ಲೇತ್:
ಮತ್ತೆಂತ, ಮುಗಿಯಿತಲ್ಲ.

ಕಾಪು ಕಡಲು:
ಇಷ್ಟೆಲ್ಲ ರಗಳೆ ಯಾಕೆ? ಗುಜರಿಯಲ್ಲಿ ಲಾರಿ ಆಕ್ಸಲ್ ತುಂಡು ಸಿಗುತ್ತದೆ, ಅದನ್ನು ಕಡಿಸಿ. ಜನ್ಮದಲ್ಲಿ ಮುರಿಯುವುದಿಲ್ಲ.

ಬೈಕಂಪಾಡಿ ಲೇತ್:
ಆ ಆಕ್ಸಲ್ ಯಾವ ಗ್ರೇಡ್ ಎಂದು ಗುಜರಿಯವನು ಬರೆದು ಕೊಡುತ್ತಾನಾ? ಮೇಲೆ ಗಟ್ಟಿ, ಒಳಗೆ ಮೆದು ಇರುವ ಆಕ್ಸಲ್ ಉಂಟು. ಕಡಿಯುತ್ತಾ ಹೋದರೆ ಗಟ್ಟಿ ಭಾಗವೇ ಚೂರಾಗಿ ಉದುರುತ್ತದೆ, ನಿಮಗೆ ಉಳಿಯುವುದು ಮೆದು.

ಮಣಿಪಾಲ ಮೆಕ್ಯಾನಿಕಲ್:
ಮುಗಿದಿಲ್ಲ ಅಣ್ಣ. ಮೂರು ಶಾಫ್ಟ್ ಮೂರು ಥರ ಸೋತಿದೆ. ಲೋಹ ಸ್ವಲ್ಪ ಬದಿಗಿಡಿ. ಕಂಪನಿ ಶಾಫ್ಟ್ ಬಿಟ್ಟದ್ದು ಯಾಕೆ? ಎಷ್ಟು ಉದ್ದ ಜಾಸ್ತಿ? ಮುರಿದದ್ದು ಯಾವ ಜಾಗದಲ್ಲಿ?

ಕೆಸರುಗದ್ದೆ:
ಅದು ಗೊತ್ತೇ ಇದೆ ಅಲ್ವಾ? ಎಕ್ಸ್‌ಪಾನ್ಷನ್ ಚೇಂಬರ್, ಅಂದರೆ ಹೊಟ್ಟೆ ಉಬ್ಬಿದ ಸೈಲೆನ್ಸರ್ ಹಾಕಿದ್ದೇನೆ, ಅದರ ಹೊಟ್ಟೆ ಕಿಕ್ಕರಿಗೆ ತಾಗುತ್ತದೆ. ಅದಕ್ಕೆ ಶಾಫ್ಟ್ 28 ಮಿ.ಮೀ. ಹೊರಗೆ ತಂದೆ. ಕಿಕ್ಕರ್ ಕೂಡ 18 ಸೆಂ.ಮೀ. ಇದ್ದದ್ದು 24 ಮಾಡಿದ್ದೇನೆ, ಕಂಪ್ರೆಷನ್ ಏರಲೆಂದು ಇಂಜಿನ್ ಹೆಡ್ ಕಡಿಸಿದ ಮೇಲೆ ಕಿಕ್ ಗಟ್ಟಿ ಆಗಿತ್ತು. ಮುರಿದದ್ದು ಇಂಜಿನ್ ಕವರಿನ ಹೊರಗೆ, ಸರ್ಕ್ಲಿಪ್ (ಜಾರದಂತೆ ಹಿಡಿಯುವ ಉಂಗುರ) ಕೂರುವ ಗ್ರೂವಿನಲ್ಲಿ.

ಮಣಿಪಾಲ ಮೆಕ್ಯಾನಿಕಲ್:
ಇದನ್ನೆಲ್ಲ ಮೊದಲೇ ಹೇಳುವುದಲ್ವಾ! ನೀವು 70 ಕೆಜಿ ಎಂದು ಇಟ್ಟುಕೊಳ್ಳಿ. ಸುಮ್ನೆ ಕಿಕ್ಕರ್ ಮೇಲೆ ನಿಂತರೂ 18 ಸೆಂ.ಮೀ.ಗೆ ಶಾಫ್ಟ್ ಮೇಲೆ 124 ನ್ಯೂಟನ್ ಮೀಟರ್ ಬೀಳುತ್ತದೆ. 24ಕ್ಕೆ 165. ಹಾರಿ ಹೊಡೆದರೆ ಇನ್ನೂ ಎಷ್ಟೋ ಜಾಸ್ತಿ. ಶಾಫ್ಟ್ ಎಷ್ಟು ದಪ್ಪ?

ಕೆಸರುಗದ್ದೆ:
15. ಗ್ರೂವಿನ ಹತ್ತಿರ 13.

ಮಣಿಪಾಲ ಮೆಕ್ಯಾನಿಕಲ್:
ತಿರುಚುವ ಬಲ ತಡೆಯುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ. 15ರ ಘನ 3375, 13ರದ್ದು 2197. ಎರಡು ಮಿ.ಮೀ. ಗ್ರೂವಿಗೆ ಮೂರರಲ್ಲಿ ಒಂದು ಪಾಲು ಹೋಯಿತು. ಗ್ರೂವಿನ ಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಇದರ ಮೇಲೆ ನಿಮ್ಮ 28 ಮಿ.ಮೀ. ಬೇರೆ. ಕಾಲು ಹೊರಗೆ ಹೋದಷ್ಟೂ ಶಾಫ್ಟ್ ಬಾಗುತ್ತದೆ.

ಕಾಪು ಕಡಲು:
ಹಾಗಾದರೆ ಶಾಫ್ಟ್ ಗಿಡ್ಡ ಇಟ್ಟು ಕಿಕ್ಕರನ್ನೇ ಹೊರಗೆ ಬಗ್ಗಿಸಿ. ನನ್ನ 1989ರ ಆರ್‌ಎಕ್ಸ್ 100ಕ್ಕೆ ಹಾಗೆಯೇ ಮಾಡಿದ್ದು. ಉಪ್ಪು ಗಾಳಿಯಲ್ಲಿ ನಿಲ್ಲಿಸುತ್ತೇನೆ, ಇವತ್ತಿಗೂ ಒಂದೇ ಕಿಕ್. ಹೊಸ ಕ್ರೋಮ್, ಮಿಕುನಿ ಕಾರ್ಬ್, ಹಿಂದೆ 18 ಇಂಚಿನ, ದಪ್ಪ ಗುಬ್ಬಿಗಳ ನಾಬಿ ಟೈರ್...

ಮಣಿಪಾಲ ಮೆಕ್ಯಾನಿಕಲ್:
ಬಗ್ಗಿಸಿದರೂ ಕಾಲು ಬೀಳುವುದು ಅಷ್ಟೇ ದೂರದಲ್ಲಿ ಅಲ್ವಾ, ಬಾಗುವುದು ಎಲ್ಲಿ ಕಡಿಮೆಯಾಯಿತು?

ಕಾಪು ಕಡಲು:
ಪುಸ್ತಕ ಓದಿ ಬೈಕ್ ಸ್ಟಾರ್ಟ್ ಆಗುವುದಿಲ್ಲ ಸ್ವಾಮಿ.

ಬೈಕಂಪಾಡಿ ಲೇತ್:
ಇಬ್ಬರೂ ನಿಲ್ಲಿಸಿ. ಟೆಂಪರ್ ಆಗಿದ್ದರೆ ಇದು ಮುರಿಯುತ್ತಿರಲಿಲ್ಲ.

ಕುಂದಾಪ್ರ ಪೋರ:
ಒಂದು ಕೇಳಲಾ? ಕಿಕ್ ವಾಪಸ್ ಹೊಡೆಯುತ್ತದಾ? ಕಿಡಿ ಹಾರುವ ಟೈಮಿಂಗ್ ಮುಟ್ಟಿದ್ದೀರಾ?

ಕೆಸರುಗದ್ದೆ:
ಹೊಡೆಯುತ್ತದೆ. ಹೋದ ತಿಂಗಳು ಪಾದ ಊದಿತ್ತು. ಮ್ಯಾಗ್ನೆಟ್ ಪ್ಲೇಟಿನ ತೂತು ಉದ್ದ ಮಾಡಿ ಟೈಮಿಂಗ್ ಸ್ವಲ್ಪ ಮುಂದೆ ಇಟ್ಟಿದ್ದೇನೆ. ಅದಕ್ಕೂ ಶಾಫ್ಟಿಗೂ ಎಂತ ಸಂಬಂಧ?

ಕುಂದಾಪ್ರ ಪೋರ:
ಅದೇ ಅಣ್ಣ ಸಂಬಂಧ. ಪಿಸ್ಟನ್ ಮೇಲೆ ಬರುವ ಮೊದಲೇ ಜಾಸ್ತಿ ಬೇಗ ಕಿಡಿ ಹಾರಿದರೆ ಇಂಜಿನ್ ಹಿಂದಕ್ಕೆ ಒದೆಯುತ್ತದೆ. ನಿಮ್ಮ ಕಾಲು ಕೆಳಗೆ ಒತ್ತುತ್ತಾ ಇರುತ್ತದೆ, ಕಿಕ್ ಗೇರ್ ಇನ್ನೂ ಬಿಟ್ಟಿರುವುದಿಲ್ಲ. ಎರಡರ ನಡುವೆ ಸಿಕ್ಕಿ ಶಾಫ್ಟ್ ತಿರುಚುತ್ತದೆ. ಹೆಡ್ ಬೇರೆ ಕಡಿಸಿದ್ದೀರಿ. ನನ್ನದೂ ಹೀಗೇ ಎರಡು ಹೋಗಿತ್ತು.

ಮಣಿಪಾಲ ಮೆಕ್ಯಾನಿಕಲ್:
ಪೋರ ಹೇಳಿದ್ದು ನನಗೆ ಹೊಳೆಯಲೇ ಇಲ್ಲ. ಹಾಗಾದರೆ ಮೊದಲು ಟೈಮಿಂಗ್ ವಾಪಸ್ ಇಡಿ. ಕಿಕ್ಕರ್ 18ಕ್ಕೆ ತನ್ನಿ. ಟಿ ಕಂಡೀಷನ್ ಇಎನ್ 24 ರಾಡ್ ಕೇಳಿ ತನ್ನಿ, ಅದು ಹಾರ್ಡನ್ ಮಾಡಿ ಟೆಂಪರ್ ಆಗಿಯೇ ಬರುತ್ತದೆ. ಲೇತಿನಲ್ಲಿ ಹಾಗೇ ಕಡಿಯಬಹುದು, ಆಮೇಲೆ ಬೆಂಕಿ ತೋರಿಸಲೇಬೇಡಿ. ಗ್ರೂವನ್ನು ಕವರಿನ ಒಳಗೆ, ಭಾರ ಬೀಳದ ಜಾಗಕ್ಕೆ ಸರಿಸಿ. ದಪ್ಪ ಬದಲಾಗುವ ಕಡೆಯೆಲ್ಲ ಮೂಲೆ ದುಂಡಗೆ ಇರಲಿ, ಒಂದೂವರೆ ಮಿ.ಮೀ. ಆದರೂ ಬೇಕು. ಹೊರಗಿನ ತುದಿಗೆ ಆಸರೆಯಾಗಿ ಒಂದು ಬುಷ್, ಅಂದರೆ ಶಾಫ್ಟ್ ಒಳಗೆ ತಿರುಗುವ ಬಳೆ ಕೊಟ್ಟು, ಅದರ ಪ್ಲೇಟನ್ನು ಕವರಿನ ಬೋಲ್ಟಿಗೇ ಕೂರಿಸಿ. ಫ್ರೇಮಿಗೆ ಬೇಡ, ಓಡುವಾಗ ಫ್ರೇಮ್ ಬಳುಕುತ್ತದೆ.

ಬೈಕಂಪಾಡಿ ಲೇತ್:
ಟಿ ಕಂಡೀಷನ್ ಎಂದರೆ ಟೆಂಪರ್ ಆದದ್ದು. ನಾನು ಮೊದಲಿಂದ ಹೇಳಿದ್ದೂ ಅದೇ.

ಕೆಸರುಗದ್ದೆ (ಹನ್ನೆರಡು ದಿನದ ಮೇಲೆ):
ಟೈಮಿಂಗ್ ಹಿಂದೆ ತಂದೆ, ಒದೆಯುವುದು ನಿಂತಿದೆ. ಹೊಸ ಶಾಫ್ಟ್ ಹಾಕಿ ನಾಲ್ಕು ಸಲ ತೋಟ ಸುತ್ತಿದೆ, ಸದ್ಯ ಸರಿ ಉಂಟು. ಕಿಕ್ಕರ್ ಮಾತ್ರ 24ರಲ್ಲೇ ಬಿಟ್ಟಿದ್ದೇನೆ, 18ರಲ್ಲಿ ಕಾಲು ಸೋಲುತ್ತದೆ. ಈಗ ಬುಷ್ ಹತ್ತಿರ ಆಯಿಲ್ ಜಿನುಗುತ್ತಿದೆ. ಯಾವ ಸೀಲ್ ಹಾಕಬೇಕು?

ಮಣಿಪಾಲ ಮೆಕ್ಯಾನಿಕಲ್:
24ರಲ್ಲೇ ಬಿಟ್ಟಿದ್ದೀರಾ??

ಕಾಪು ಕಡಲು:
ಸೀಲ್ ಆಮೇಲೆ. ನಾಬಿ ಟೈರ್ ಒಂದು ಜೋಡಿ ಉಂಟು, ಯಾರಿಗಾದರೂ ಬೇಕಾ?