ನೆಟ್‌ವರ್ಕ್ ಕಾರ್ಡನ್ನು ಎರಡು ಸರ್ವರ್‌ಗಳಿಗೆ ಹಂಚಿದರೆ ಸೇವೆ ನಿಲ್ಲುವುದು ತಪ್ಪುತ್ತದೆಯೇ?

ಮಂಡಕ್ಕಿಭಟ್ಟಿ (ದಾವಣಗೆರೆ):

ಇಲ್ಲಿನ ಒಂದು ಖಾಸಗಿ ನರ್ಸಿಂಗ್ ಹೋಮ್‌ನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಎರಡು ಸರ್ವರ್‌ಗಳಿವೆ, ಎರಡರಲ್ಲೂ ಪ್ರಾಕ್ಸ್‌ಮಾಕ್ಸ್ (ಒಂದೇ ಸರ್ವರ್‌ನೊಳಗೆ ಹಲವು ವರ್ಚುವಲ್ ಮಷಿನ್, ಅಂದರೆ ಸಾಫ್ಟ್‌ವೇರಿನ ಕಂಪ್ಯೂಟರುಗಳನ್ನು ಓಡಿಸುವ ತಂತ್ರಾಂಶ). ಮೊದಲನೆಯದರಲ್ಲಿ ಬಿಲ್ಲಿಂಗ್ ಮತ್ತು ಔಷಧ ಅಂಗಡಿಯ ಲೆಕ್ಕ, ಎರಡನೆಯದರಲ್ಲಿ ಲ್ಯಾಬ್ ವರದಿ ಮತ್ತು ಎಕ್ಸ್‌ರೇ ಚಿತ್ರಗಳು. ಒಳಗಿನ ನೆಟ್‌ವರ್ಕಿಗೂ ಇಂಟರ್‌ನೆಟ್ಟಿಗೂ ನಡುವೆ ಕಾವಲು ನಿಲ್ಲುವ ಪಿಎಫ್‌ಸೆನ್ಸ್ ಫೈರ್‌ವಾಲ್ ಕೂಡ ವರ್ಚುವಲ್ ಮಷಿನ್ ಆಗಿ ಮೊದಲನೆಯದರಲ್ಲೇ ಕುಳಿತಿದೆ. ಎರಡಕ್ಕೂ ನಾಲ್ಕು ಪೋರ್ಟಿನ ಇಂಟೆಲ್ ಐ350 ನೆಟ್‌ವರ್ಕ್ ಕಾರ್ಡ್ ಹಾಕಿದೆ. ಮದರ್‌ಬೋರ್ಡಿನಲ್ಲಿ ಬೇರೆ ಎರಡು ಪೋರ್ಟ್ ಖಾಲಿ ಇವೆ.

ಕಳೆದ ವಾರ ಮೊದಲ ಸರ್ವರ್‌ನ ಕಾರ್ಡ್ ಕೈಕೊಟ್ಟಿತು, ಅದೂ ಬೆಳಗಿನ ಹೊರರೋಗಿಗಳ ಹೊತ್ತಿನಲ್ಲಿ. ಸರ್ವರ್ ಒಳಗೊಳಗೇ ಚೆನ್ನಾಗಿ ಓಡುತ್ತಿತ್ತು, ಹೊರಗಿನವರಿಗೆ ಮಾತ್ರ ಸಿಗುತ್ತಿರಲಿಲ್ಲ. ಜಗಳೂರು, ಹರಪನಹಳ್ಳಿ ಕಡೆಯಿಂದ ಬಂದವರು ಚೀಟಿ ಹಿಡಿದು ಕೌಂಟರಿನ ಮುಂದೆ ನಿಂತಿದ್ದರು. ಎಲ್ಲಿಂದಲೋ ಹಳೆಯ ರಸೀದಿ ಪುಸ್ತಕ ಹುಡುಕಿ ತಂದು ಕೈಯಲ್ಲಿ ಬರೆದುಕೊಟ್ಟೆವು.

ಈಗ ಮಾರಾಟಗಾರರೊಬ್ಬರು, ‘ಎಸ್‌ಆರ್-ಐಒವಿ ಇರುವ ದೊಡ್ಡ ಕಾರ್ಡ್ ಹಾಕಿಸಿ, ಎರಡೂ ಸರ್ವರ್‌ಗಳು ಅದನ್ನು ಹಂಚಿಕೊಳ್ಳುತ್ತವೆ, ಒಂದು ಹೋದರೆ ಇನ್ನೊಂದರ ಕಾರ್ಡ್ ಕೆಲಸ ಮಾಡುತ್ತದೆ’ ಎನ್ನುತ್ತಿದ್ದಾರೆ. ಬೆಲೆ ಕೇಳಿ ಡಾಕ್ಟರು ನನ್ನ ಮುಖ ನೋಡಿದರು. ಇದು ನಿಜವೇ?

ಏಳುಸುತ್ತು (ಚಿತ್ರದುರ್ಗ):

ನಿಜವಲ್ಲ. ಕಾರ್ಡಿಗೆ ದುಡ್ಡು ಹಾಕಬೇಡಿ.

ಎಸ್‌ಆರ್-ಐಒವಿ ಎಂಬುದು ಕಂಪ್ಯೂಟರ್ ಕಾರ್ಡುಗಳ ಪಿಸಿಐ ಮಾನದಂಡ ರೂಪಿಸುವ ಪಿಸಿಐ-ಎಸ್‌ಐಜಿ ಒಕ್ಕೂಟ 2007ರಲ್ಲಿ ತಂದ ಮಾನದಂಡ. ಒಂದು ಕಾರ್ಡ್ ಒಂದೇ ಸರ್ವರ್‌ನ ಒಳಗಿನ ವರ್ಚುವಲ್ ಮಷಿನ್‌ಗಳಿಗೆ ಹಲವು ಕಾರ್ಡುಗಳಂತೆ ಕಾಣುತ್ತದೆ, ಅಷ್ಟೇ. ನಿಮ್ಮ ಐ350ಗೇ ಆ ಶಕ್ತಿ ಇದೆ. ಲಿನಕ್ಸ್‌ನಲ್ಲಿ ಪೋರ್ಟಿಗೆ ಏಳು ಹೋಳು ಮಾಡಬಹುದು. ಆದರೆ ಅದು ಒಂದೇ ಬಾವಿಗೆ ಏಳು ರಾಟೆ ಕಟ್ಟಿದ ಹಾಗೆ. ಎರಡು ಸರ್ವರ್‌ಗಳ ನಡುವೆ ಕಾರ್ಡ್ ಹಂಚುವುದು ಬೇರೆಯೇ ಸಂಗತಿ. ಅದಕ್ಕೆಂದು 2008ರಲ್ಲಿ ಎಂಆರ್-ಐಒವಿ ಎಂಬ ಮಾನದಂಡ ಬಂತು, ಅದಕ್ಕೆ ವಿಶೇಷ ಪಿಸಿಐ ಸ್ವಿಚ್ ಬೇಕು, ಮಾರುಕಟ್ಟೆಯಲ್ಲಿ ಅದು ಬೇರೂರಲೇ ಇಲ್ಲ. ನಿಮ್ಮ ಮಾರಾಟಗಾರರು ಇವೆರಡನ್ನೂ ಕಲಸಿ ಬಡಿಸಿದ್ದಾರೆ.

ನಿಮಗೆ ಹಂಚಬೇಕಾಗಿರುವುದು ಕಾರ್ಡಲ್ಲ, ವಿಳಾಸ.

ಮೊದಲು ಪ್ರತಿ ಸರ್ವರ್‌ನಲ್ಲಿ ಐ350ಯ ಒಂದು ಪೋರ್ಟ್, ಮದರ್‌ಬೋರ್ಡಿನ ಒಂದು ಪೋರ್ಟ್ ಸೇರಿಸಿ ಬಾಂಡ್ ಕಟ್ಟಿ, ಅಂದರೆ ಎರಡೂ ಒಂದೇ ಪೋರ್ಟಿನಂತೆ ಕೆಲಸ ಮಾಡಲಿ. ಐ350ಯ ಎರಡು ಪೋರ್ಟುಗಳನ್ನೇ ಜೋಡಿಸಿ ನಿಶ್ಚಿಂತರಾಗುವವರನ್ನು ಬೇಕಾದಷ್ಟು ನೋಡಿದ್ದೇನೆ. ನಾಲ್ಕೂ ಪೋರ್ಟುಗಳು ಒಂದೇ ಚಿಪ್ಪಿಗೆ ಅಂಟಿಕೊಂಡಿವೆ, ಹೋದರೆ ಒಟ್ಟಿಗೇ ಹೋಗುತ್ತವೆ. ಒಂದು ಕೇಬಲ್ ಒಂದು ನೆಟ್‌ವರ್ಕ್ ಸ್ವಿಚ್ಚಿಗೆ (ಕಂಪ್ಯೂಟರುಗಳ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ), ಇನ್ನೊಂದು ಬೇರೆ ಸ್ವಿಚ್ಚಿಗೆ. ವಿಧಾನ ಆಕ್ಟಿವ್-ಬ್ಯಾಕಪ್ ಇರಲಿ, ಒಂದು ಕೆಲಸ ಮಾಡುವಾಗ ಇನ್ನೊಂದು ಮೀಸಲಾಗಿ ಕಾಯುತ್ತದೆ. ಎರಡೂ ಕೇಬಲ್‌ಗಳು ಒಟ್ಟಿಗೇ ದುಡಿಯುವ ಎಲ್‌ಎಸಿಪಿ ವಿಧಾನ ಬೇಕೆಂದರೆ ಎರಡೂ ಸ್ವಿಚ್‌ಗಳು ಒಂದೇ ಸ್ವಿಚ್ಚಿನಂತೆ ನಟಿಸಬಲ್ಲವಾಗಿರಬೇಕು, ಅಂಥವು ದುಬಾರಿ. ಬಿಲ್ಲು ಮತ್ತು ಲ್ಯಾಬ್ ವರದಿಗೆ ಒಂದು ಗಿಗಾಬಿಟ್ ತಂತಿ ಧಾರಾಳ. ಬಾಂಡಿನ ಮೇಲೆ ಬ್ರಿಡ್ಜ್ (ಸರ್ವರ್‌ನೊಳಗಿನ ಸಾಫ್ಟ್‌ವೇರ್ ಸ್ವಿಚ್), ಬ್ರಿಡ್ಜಿಗೆ ವರ್ಚುವಲ್ ಮಷಿನ್‌ಗಳು. ಕೆಳಗೆ ಯಾವ ಕಾರ್ಡ್ ಸತ್ತಿತು ಎಂಬುದು ಅವುಗಳಿಗೆ ತಿಳಿಯುವುದೇ ಇಲ್ಲ.

ಒಂದು ಎಚ್ಚರಿಕೆ. ಬಾಂಡಿನ ಸೆಟ್ಟಿಂಗ್‌ನಲ್ಲಿ ಎಂಐಐ-ಮಾನ್ 100 ಎಂದು ಕೊಟ್ಟರೆ ಬಾಂಡ್ 100 ಮಿಲಿಸೆಕೆಂಡಿಗೊಮ್ಮೆ ತಂತಿಯಲ್ಲಿ ಜೀವ ಇದೆಯೇ ಎಂದಷ್ಟೇ ನೋಡುತ್ತದೆ. ಸ್ವಿಚ್ಚಿನಿಂದ ಮುಂದೆ ಹೋಗುವ ಕೇಬಲನ್ನು ಇಲಿ ಕಡಿದಿದ್ದರೂ ನಿಮ್ಮ ಕಾರ್ಡಿನ ಹಸಿರು ದೀಪ ಮಿನುಗುತ್ತಲೇ ಇರುತ್ತದೆ, ಬಾಂಡ್ ಎಲ್ಲವೂ ಸರಿ ಇದೆ ಎಂದುಕೊಂಡು ಅಲ್ಲಾಡುವುದಿಲ್ಲ. ಅದರ ಬದಲು ಎಆರ್‌ಪಿ ನಿಗಾ (ಇನ್ನೊಂದು ಯಂತ್ರವನ್ನು ‘ಇದ್ದೀಯಾ’ ಎಂದು ಕೇಳುತ್ತಿರುವುದು) ಹಾಕಿ, ಸ್ವಿಚ್ಚಿನ ಆಚೆಗಿನ ಒಂದು ವಿಳಾಸವನ್ನು ಗುರಿ ಕೊಡಿ. ಉತ್ತರ ಬಾರದಿದ್ದರೆ ಬಾಂಡ್ ದಾರಿ ಬದಲಿಸುತ್ತದೆ.

ಆಮೇಲೆ ಫೈರ್‌ವಾಲ್. ಎರಡನೆಯ ಸರ್ವರ್‌ನಲ್ಲೂ ಒಂದು ಪಿಎಫ್‌ಸೆನ್ಸ್ ಎಬ್ಬಿಸಿ, ಇಬ್ಬರ ನಡುವೆ ಸಿಎಆರ್‌ಪಿ ಹಾಕಿ, ಎರಡು ಫೈರ್‌ವಾಲ್‌ಗಳು ಒಂದೇ ವಿಳಾಸ ಹಂಚಿಕೊಳ್ಳುವ ವ್ಯವಸ್ಥೆ ಅದು. (ಇದೇ ಕೆಲಸದ ವಿಆರ್‌ಆರ್‌ಪಿಯ ಮೇಲೆ ಸಿಸ್ಕೋ ಪೇಟೆಂಟ್ ಹಕ್ಕು ಸಾಧಿಸಿತೆಂದು ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನವರು ಹಟ ಹಿಡಿದು ಬರೆದದ್ದು ಇದು, ಅವರ 2004ರ 3.5 ಆವೃತ್ತಿಯಲ್ಲಿ ಬಂತು. ಅವರ ಹಟದಿಂದ ನಮಗೆಲ್ಲ ಲಾಭವಾಯಿತು.) ಕೌಂಟರಿನ ಕಂಪ್ಯೂಟರುಗಳ ಗೇಟ್‌ವೇ (ಹೊರಹೋಗುವ ಬಾಗಿಲು) ಆಗಿ ಹಂಚಿಕೆಯ ವಿಳಾಸ ಕೊಡಿ. ಮುಖ್ಯ ಫೈರ್‌ವಾಲ್ ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಕೂಗುತ್ತಿರುತ್ತದೆ. ಮೂರು ಕೂಗು ತಪ್ಪಿದರೆ ಇನ್ನೊಂದು ಆ ವಿಳಾಸವನ್ನು ತನ್ನದಾಗಿಸಿಕೊಳ್ಳುತ್ತದೆ. ಸಂಪರ್ಕಗಳ ಪಟ್ಟಿಯನ್ನು ಇನ್ನೊಂದು ಫೈರ್‌ವಾಲ್‌ಗೂ ಕಳಿಸುತ್ತಿರುವ ಪಿಎಫ್‌ಸಿಂಕ್ ಹಾಕಿದ್ದರೆ ನಡೆಯುತ್ತಿದ್ದ ಸಂಪರ್ಕಗಳೂ ಉಳಿಯುತ್ತವೆ. ಇಂಟರ್‌ನೆಟ್ ಕಂಪನಿಯ ರೂಟರಿನ ತಂತಿ ಈಗ ನೇರವಾಗಿ ಮೊದಲ ಸರ್ವರ್‌ಗೆ ಹೋಗುತ್ತಿದೆ ಎಂದುಕೊಂಡಿದ್ದೇನೆ. ಅದನ್ನು ಸ್ವಿಚ್ಚಿಗೆ ತಂದು ಬೇರೆ ವಿಎಲ್ಯಾನ್‌ನಲ್ಲಿ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಇಬ್ಬರಿಗೂ ಕೊಡಬೇಕು.

ತುಪ್ಪದಹಳ್ಳಿ:

ಎಸ್‌ಆರ್-ಐಒವಿಯನ್ನು ಅಷ್ಟು ಕೆಳಗಿಳಿಸಬೇಡಿ. ಪ್ರೊಸೆಸರಿನ ಹೊರೆ ಇಳಿಸಲು, ವಿಳಂಬ ತಗ್ಗಿಸಲು ಅದರಂಥದ್ದು ಇನ್ನೊಂದಿಲ್ಲ. ಓಡುತ್ತಿರುವ ಮಷಿನನ್ನು ಇನ್ನೊಂದು ಸರ್ವರ್‌ಗೆ ಸ್ಥಳಾಂತರಿಸುವುದು ಕಷ್ಟವೆಂಬುದು ನಿಜ. ಅದಕ್ಕೂ 2018ರ ಲಿನಕ್ಸ್ 4.18ರಿಂದ ನೆಟ್-ಫೇಲ್‌ಓವರ್ ಇದೆ. ಅದು ಕಾರ್ಡಿನ ಹೋಳಿನ ಜೊತೆ ವರ್ಟ್‌ಐಒ ಎಂಬ ಸಾಫ್ಟ್‌ವೇರ್ ಕಾರ್ಡೊಂದನ್ನು ಮೀಸಲಾಗಿ ನಿಲ್ಲಿಸುತ್ತದೆ. ನರ್ಸಿಂಗ್ ಹೋಮಿಗೆ ಇದೆಲ್ಲ ಬೇಡ ಎಂಬುದನ್ನು ಒಪ್ಪುತ್ತೇನೆ.

ಮಂಡಕ್ಕಿಭಟ್ಟಿ:

ಇಬ್ಬರಿಗೂ ಧನ್ಯವಾದ. ರಾತ್ರಿ ಸಿಎಆರ್‌ಪಿ ಹಾಕಿ ನೋಡಿದೆ, ಎರಡೂ ಫೈರ್‌ವಾಲ್‌ಗಳು ತಾನೇ ಮುಖ್ಯ ಎನ್ನುತ್ತಿವೆ. ಇನ್ನೊಂದು ಮಾತು: ಲ್ಯಾಬ್ ಇರುವುದು ಹಿಂದಿನ ಕಟ್ಟಡದಲ್ಲಿ, ಅಲ್ಲಿಗೆ ಕೇಬಲ್ ತಾರಸಿಯ ಮೇಲಿಂದ ಎಳೆದಿದ್ದಾರೆ.

ಏಳುಸುತ್ತು (ಚಿತ್ರದುರ್ಗ):

ಇಬ್ಬರೂ ಮುಖ್ಯ ಎನ್ನುತ್ತಿದ್ದರೆ ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳುತ್ತಿಲ್ಲ ಎಂದರ್ಥ. ಪ್ರಾಕ್ಸ್‌ಮಾಕ್ಸ್‌ನ ಫೈರ್‌ವಾಲ್ ಆಯ್ಕೆಗಳಲ್ಲಿ ಆ ಎರಡು ಮಷಿನ್‌ಗಳ ಮ್ಯಾಕ್ ಫಿಲ್ಟರ್ (ಕಾರ್ಡಿನ ಗುರುತಿನ ವಿಳಾಸವಾದ ಮ್ಯಾಕ್ ನೋಡಿ ತಡೆಯುವ ಜರಡಿ) ತೆಗೆಯಿರಿ. ಸಿಎಆರ್‌ಪಿ 00:00:5ಇ:00:01 ಎಂದು ಶುರುವಾಗುವ ತನ್ನದೇ ಮ್ಯಾಕ್ ವಿಳಾಸ ಬಳಸುತ್ತದೆ, ಫಿಲ್ಟರ್ ಅದನ್ನು ಕಳ್ಳನೆಂದು ತಡೆಯುತ್ತದೆ. ಆಗಲೂ ಸರಿಯಾಗದಿದ್ದರೆ ಸ್ವಿಚ್ಚಿನ ಮಲ್ಟಿಕಾಸ್ಟ್ (ಒಂದು ಕೂಗನ್ನು ಹಲವರಿಗೆ ಒಟ್ಟಿಗೆ ತಲುಪಿಸುವ) ಸೆಟ್ಟಿಂಗ್ ನೋಡಿ.

ಸರ್ವರ್‌ಗಳನ್ನು ಕ್ಲಸ್ಟರ್ ಮಾಡುವುದಾದರೆ, ಅಂದರೆ ಒಂದೇ ಗುಂಪಾಗಿ ಜೋಡಿಸುವುದಾದರೆ, ಇಬ್ಬರಲ್ಲಿ ಒಬ್ಬರು ಹೋದಾಗ ಉಳಿದವರಿಗೆ ಬಹುಮತ ಇರುವುದಿಲ್ಲ. ಮೂರನೆಯ ಮತಕ್ಕೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಕ್ಯೂ-ಡಿವೈಸ್ (ಮತ ಹಾಕುವುದಷ್ಟೇ ಅದರ ಕೆಲಸ) ಹಾಕಿದರೆ ಸಾಕು.

ತಾರಸಿಯ ತಾಮ್ರದ ಕೇಬಲನ್ನು ಮಾತ್ರ ಈ ವಾರವೇ ಕೀಳಿಸಿ. ನಮ್ಮ ಕಡೆ ರೋಹಿಣಿ ಮಳೆಯ ಗುಡುಗು ಸಿಡಿಲು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಹತ್ತಿರದಲ್ಲಿ ಸಿಡಿಲು ಬಿದ್ದರೂ ಸಾಕು, ಆ ತಂತಿಯಲ್ಲಿ ಹರಿದು ಬಂದ ವಿದ್ಯುತ್ತು ಸ್ವಿಚ್ಚಿನ ಪೋರ್ಟು, ಸರ್ವರ್‌ನ ಪೋರ್ಟು ಎರಡನ್ನೂ ಸುಡುತ್ತದೆ. ಹೋದ ವಾರದ ಕಾರ್ಡಿನ ಮೇಲೂ ನನಗೆ ಅದೇ ಅನುಮಾನ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಸಿ, ಒಳಗೆ ಲೋಹದ ತಂತಿ ಇಲ್ಲದಂಥದ್ದನ್ನೇ ಕೇಳಿ ಪಡೆಯಿರಿ. ಎರಡು ಸ್ವಿಚ್‌ಗಳನ್ನೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿದ್ದರೆ ಅದನ್ನೂ ಬೇರ್ಪಡಿಸಿ. ಎಲ್ಲ ಮುಗಿದ ಮೇಲೆ ರಾತ್ರಿ ಕೌಂಟರ್ ಮುಚ್ಚಿದಾಗ ಪಿಂಗ್ (ಉತ್ತರ ಬರುತ್ತಿದೆಯೇ ಎಂದು ಮತ್ತೆ ಮತ್ತೆ ಕೇಳುವ ಆಜ್ಞೆ) ಓಡಿಸಿಟ್ಟು ಮೊದಲು ಒಂದು ಕೇಬಲ್, ಆಮೇಲೆ ಒಂದು ಸ್ವಿಚ್ಚಿನ ಪ್ಲಗ್, ಕೊನೆಗೆ ಇಡೀ ಸರ್ವರ್ ಕಿತ್ತು ನೋಡಿ, ಎಷ್ಟು ಪಿಂಗ್ ತಪ್ಪಿದವು ಎಂದು ಇಲ್ಲೇ ಬರೆಯಿರಿ.