ಅಜ್ಜ ಕಟ್ಟಿದ ಅಂಗಡಿ, ಮೂರನೇ ತಲೆಮಾರು: ಆಡಿಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಸೋಮವಾರಪೇಟೆಯಿಂದ):
ಸರ್, ನಮ್ಮದು ಕಾಫಿ, ಕರಿಮೆಣಸು ಖರೀದಿಸುವ ಅಂಗಡಿ. ಅಜ್ಜ ಶುರು ಮಾಡಿದ್ದು ಕಿತ್ತಳೆ, ಏಲಕ್ಕಿ ವ್ಯಾಪಾರ. ಈಗ ಅಪ್ಪ, ಚಿಕ್ಕಪ್ಪ ಇಬ್ಬರೇ ಪಾಲುದಾರರು. ಕಾಫಿ ಹುರಿದು, ಪುಡಿ ಮಾಡಿ, ಪ್ಯಾಕೆಟ್‌ನಲ್ಲಿ ಮಾರಬೇಕು ಅಂತ ನನಗಾಸೆ. ಚಿಕ್ಕಪ್ಪ "ಇದ್ದದ್ದೇ ನಡೀಲಿ ಬಿಡು" ಅನ್ನುತ್ತಾರೆ. ಅವರ ಮಗ ಬೆಂಗಳೂರಲ್ಲಿದ್ದಾನೆ, ಅಂಗಡಿಗೆ ಬರುತ್ತಾನೋ ಇಲ್ಲವೋ. ಕಟ್ಟಡ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಅವರೇ ದುಡಿದು ಕಟ್ಟಿಸಿದ್ದು, ಉಯಿಲು ಬರೆದಿಲ್ಲ. ಅಜ್ಜಿಯೂ ಈಗಿಲ್ಲ. ಹೊಸದಕ್ಕೆ ಕೈಹಾಕುವ ಮೊದಲು ಏನೇನು ಸರಿಮಾಡಿಕೊಳ್ಳಬೇಕು?

ಉತ್ತರ (ಆಡಿಟರ್, ಮಡಿಕೇರಿ):
ನಿಮ್ಮ ಅಂಗಡಿಯಲ್ಲಿ "ಇದ್ದದ್ದು" ಯಾವತ್ತೂ ಇದ್ದ ಹಾಗೆ ಉಳಿದಿಲ್ಲ ಅಲ್ವಾ? ಕೊಡಗಿನ ಕಿತ್ತಳೆ ರೋಗಕ್ಕೆ ಸಿಕ್ಕಿ ಸೊರಗಿತು, ಏಲಕ್ಕಿಗೂ ಕಟ್ಟೆ ರೋಗ ಬಡಿಯಿತು. ಆಗ ಕಾಫಿ ಕೊಳ್ಳೋಣ ಅಂದರೆ, ಬೆಳೆಗಾರರು ಅದನ್ನು ಕಾಫಿ ಮಂಡಳಿಯ ಪೂಲ್‌ಗೇ, ಅಂದರೆ ಎಲ್ಲರ ಕಾಫಿ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೇ, ಕೊಡಬೇಕಿತ್ತು. 1992ರಿಂದ ಸ್ವಲ್ಪಸ್ವಲ್ಪ ಸಡಿಲವಾಗಿ, 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ನಿಮ್ಮ ಚಿಕ್ಕಪ್ಪನವರೂ ಅವರ ಕಾಲಕ್ಕೆ ಹೊಸದನ್ನೇ ಮಾಡಿದವರು. ಇದನ್ನು ಮೆಲ್ಲಗೆ ನೆನಪಿಸಿ, ವಾದಕ್ಕೆ ಇಳಿಯಬೇಡಿ.

ಪುಡಿ ವ್ಯಾಪಾರದ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಸರಕು ಬದಲಾಗಿ ಮುಚ್ಚಿದ ಅಂಗಡಿಗಿಂತ, ಅಣ್ಣತಮ್ಮಂದಿರ ಮಕ್ಕಳ ಕಾಲಕ್ಕೆ ಲೆಕ್ಕ ಹೊಂದದೆ ಮುಚ್ಚಿದ ಅಂಗಡಿಗಳನ್ನೇ ನಾನು ಜಾಸ್ತಿ ಕಂಡಿದ್ದೇನೆ.

ಇಬ್ಬರೇ ಪಾಲುದಾರರು ಅಂದಿರಲ್ಲ, ಅಪಾಯ ಅಲ್ಲೇ ಇದೆ. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ಪಾಲುದಾರರೊಬ್ಬರು ತೀರಿಕೊಂಡರೆ, ಪಾಲುದಾರಿಕೆ ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಫರ್ಮ್ ಅಲ್ಲಿಗೇ ಮುಗಿಯುತ್ತದೆ. "ಉಳಿದವರು ಮುಂದುವರಿಸಬಹುದು" ಅಂತ ಬರೆದಿದ್ದರೂ ಇಬ್ಬರೇ ಇದ್ದಲ್ಲಿ ಅದು ನಡೆಯುವುದಿಲ್ಲ. ಒಬ್ಬರೇ ಇದ್ದು ಪಾಲುದಾರಿಕೆ ಹೇಗೆ? ಹಾಗಾಗಿ ನೀವು ಈಗಲೇ ಮೂರನೆಯವರಾಗಿ ಸೇರಿ. ಪತ್ರವನ್ನು ಹೊಸದಾಗಿ ಬರೆಸಿ, ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ನಲ್ಲಿ ನೋಂದಾಯಿಸಿ. ನೋಂದಣಿ ಇಲ್ಲದ ಫರ್ಮ್, ಬಾಕಿ ಉಳಿಸಿಕೊಂಡವರ ಮೇಲೆ ದಾವೆ ಹೂಡಲು ಹೋದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಆ ಪತ್ರದಲ್ಲಿ ಎಲ್ಲರೂ ಹಾರಿಸುವ ಭಾಗ ಒಂದಿದೆ: ಹೊರಗೆ ಹೋಗುವವರ ಪಾಲಿಗೆ ಬೆಲೆ ಕಟ್ಟುವುದು ಹೇಗೆ, ಎಷ್ಟು ಕಂತಿನಲ್ಲಿ ಕೊಡುವುದು. ಮನೆಯವರ ಮುಂದೆ ಇದನ್ನು ಎತ್ತಲು ಸಂಕೋಚ, ಗೊತ್ತು. ಆದರೆ ಬರೆಯದೆ ಬಿಟ್ಟು, ಲೆಕ್ಕ ತೀರಿಸದೆ ವ್ಯಾಪಾರ ಮುಂದುವರಿಸಿದರೆ, ಹೋದವರ ಕಡೆಯವರು ಅವರ ಹಣದಿಂದ ಬಂದ ಲಾಭದ ಪಾಲನ್ನಾದರೂ ಕೇಳಬಹುದು, ವರ್ಷಕ್ಕೆ ಶೇ. 6 ಬಡ್ಡಿಯನ್ನಾದರೂ ಕೇಳಬಹುದು. ಯಾವುದು ಅನ್ನುವುದು ಅವರ ಇಷ್ಟ. ಹಾಗೇ, ಅಂಗಡಿಯಲ್ಲಿ ದುಡಿಯುವವರಿಗೆ ಸಂಬಳ, ಹಣ ಹಾಕಿದವರಿಗೆ ಬಡ್ಡಿ, ಎರಡನ್ನೂ ಬೇರೆಬೇರೆ ಬರೆಯಿರಿ. ಬೆಂಗಳೂರಿನ ತಮ್ಮ ನಾಳೆ ಬಂದರೆ ಜಗಳಕ್ಕೆ ದಾರಿ ಇರುವುದಿಲ್ಲ.

ಚಿಕ್ಕಪ್ಪನ ಹೆದರಿಕೆ ಸುಳ್ಳಲ್ಲ. ಪಾಲುದಾರಿಕೆಯಲ್ಲಿ ಫರ್ಮ್‌ನ ಸಾಲಕ್ಕೆ ಅವರ ಸ್ವಂತ ಆಸ್ತಿಯೂ ಹೊಣೆ. ನೀವು ಹುರಿಯುವ ಯಂತ್ರಕ್ಕೆ ಸಾಲ ಮಾಡಿ ಸೋತರೆ ಅವರ ಮನೆಗೂ ಬಿಸಿ ತಟ್ಟುತ್ತದೆ. ಅದಕ್ಕೇ ಪುಡಿ ವ್ಯಾಪಾರವನ್ನು ಅಪ್ಪನ ಜೊತೆ ಬೇರೆಯೇ ಒಂದು ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿ ನಡೆಸಿ. ಕಾಫಿಯನ್ನು ಹಳೇ ಫರ್ಮ್‌ನಿಂದಲೇ ಪೇಟೆ ರೇಟಿಗೆ ಬಿಲ್ ಹಾಕಿಸಿ ಕೊಳ್ಳಿ. ಬ್ಯಾಂಕಿಗೆ ಜಾಮೀನು ಹಾಕುವಾಗ ಮಾತ್ರ ಚಿಕ್ಕಪ್ಪನ ಸಹಿ ಕೇಳಬೇಡಿ. ಚಿಕೋರಿ ಬೆರೆಸುವುದಾದರೆ ಕಾಫಿ ಕನಿಷ್ಠ ಶೇ. 51 ಇರಬೇಕು, ಎರಡರ ಪ್ರಮಾಣವೂ ಪ್ಯಾಕೆಟ್ ಮೇಲೆ ಬರಬೇಕು.

ಇನ್ನು ಕಟ್ಟಡ. ಅಂಗಡಿ ಅಲ್ಲಿದೆ ಅಂದಮಾತ್ರಕ್ಕೆ ಅದು ಫರ್ಮ್‌ನದ್ದಾಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ನಿಮಗೆ ಅನ್ವಯಿಸುವುದಾದರೆ, ಉಯಿಲಿಲ್ಲದ ಸ್ವಯಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಅತ್ತೆಯಂದಿರು ಇದ್ದಾರಾ?

ಇನ್ನೊಬ್ಬರು (ವಿರಾಜಪೇಟೆ):
ಸರ್, ನಮ್ಮ ತೋಟದ ಕಾಫಿಯನ್ನೇ ಪುಡಿ ಮಾಡಿ ಮಾರಿದರೆ ಆದಾಯ ತೆರಿಗೆ ಬರುತ್ತಾ? ಕೃಷಿ ಆದಾಯ ಅಲ್ವಾ?

ಆಡಿಟರ್:
ಪೂರ್ತಿ ಅಲ್ಲ. ಬೆಳೆದವರೇ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿಸಿ ಮಾರಿದರೆ ಆದಾಯದ ಶೇ. 25 ವ್ಯಾಪಾರದ್ದು ಅಂತ ಲೆಕ್ಕ. ಹುರಿದು ಪುಡಿ ಮಾಡಿದರೆ ಶೇ. 40. ಬೇರೆಯವರ ಕಾಫಿ ಕೊಂಡು ಪುಡಿ ಮಾಡಿದರೆ ಅಷ್ಟೂ ವ್ಯಾಪಾರದ ಆದಾಯವೇ. ಎರಡನ್ನೂ ಒಂದೇ ಪುಸ್ತಕದಲ್ಲಿ ಬೆರೆಸಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರು ಅತ್ತೆಯರಿದ್ದಾರೆ ಸರ್. ಅವರು ಪಾಲು ಕೇಳುವವರಲ್ಲ. ಸುಮ್ನೆ ನಾವಾಗಿ ಎತ್ತಬೇಕಾ?

ಆಡಿಟರ್:
ಎತ್ತಿ. ಅಪ್ಪನೇ ಹೋಗಿ ಕೇಳಲಿ, ನೀವು ಬೇಡ. ಈಗ ನಾಲ್ವರದ್ದೂ ಕಾಲುಕಾಲು ಪಾಲು. ಅವರು ಪಾಲು ಇಟ್ಟುಕೊಂಡರೆ ಫರ್ಮ್‌ನಿಂದ ಬಾಡಿಗೆ ಕರಾರು ಮಾಡಿ, ಅವರ ಪಾಲಿನ ಬಾಡಿಗೆ ಅವರ ಖಾತೆಗೇ ಹಾಕಿ. ನನಗೆ ಇದೇ ಸರಿ ಅನ್ನಿಸುತ್ತದೆ. ಬಿಟ್ಟುಕೊಡುತ್ತೇವೆ ಅಂದರೆ ಹಕ್ಕು ಬಿಡುಗಡೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, ಬಾಯಿಮಾತು ನಡೆಯಲ್ಲ. ಯಾವುದೇ ಆದರೂ ಮೊದಲು ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ.